ಪಿನ್ನಿನ ಮೇಲೆ 2.1 ವೋಲ್ಟ್: ಮಾಟುಂಗಾದ ಒಂದು ನೀರಿನ ಪಂಪಿನ ಪ್ರಕರಣ

ಮುಂಬೈಯ ಮಾಟುಂಗಾ ಪೂರ್ವದಲ್ಲಿ ಕರಾವಳಿಯ ಕುಟುಂಬವೊಂದು ಮೂರು ತಲೆಮಾರಿನಿಂದ ನಡೆಸಿಕೊಂಡು ಬಂದಿರುವ ಹೋಟೆಲಿನಲ್ಲಿ, ಜುಲೈ ತಿಂಗಳ ಒಂದು ಮಧ್ಯಾಹ್ನ ಊಟದ ಗಿರಾಕಿಗಳು ತುಂಬಿದ್ದ ಹೊತ್ತಿಗೇ ಕೈ ತೊಳೆಯುವ ನಲ್ಲಿಗಳು ಒಂದೊಂದಾಗಿ ನಿಂತುಹೋದವು. ಹೊರಗೆ ಬೆಳಗಿನಿಂದ ಬಿಡದ ಮಳೆ. ಪಾಲಿಕೆಯ ನೀರು ನಸುಕಿನಲ್ಲಿ ಬಂದು ನೆಲದಡಿಯ ಸಂಪು ತುಂಬಿದ್ದನ್ನು ಅಡುಗೆಮನೆಯ ಹುಡುಗರು ಕಣ್ಣಾರೆ ಕಂಡಿದ್ದರು. ಈಗ ಮುಚ್ಚಳ ತೆಗೆದು ನೋಡಿದರೆ ತಳ ಕಾಣಿಸುತ್ತಿತ್ತು. ಸಂಪಿನ ನೀರೆಲ್ಲ ಪಂಪಿನ ಮೂಲಕ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿ ತುಂಬಿದ ಮೇಲೂ ನಿಲ್ಲದೆ, ಹೊರಚೆಲ್ಲುವ ಪೈಪಿನಿಂದ ಇಳಿದು ಗಟಾರ ಸೇರಿತ್ತು. ತಾರಸಿಯ ಮಳೆನೀರೂ ಅದೇ ಗೋಡೆಯ ಮೇಲಿಂದ ಸುರಿಯುತ್ತಿದ್ದುದರಿಂದ, ಬೇಸಿಗೆಯಲ್ಲಾಗಿದ್ದರೆ ಐದು ನಿಮಿಷಕ್ಕೆ ಕಣ್ಣಿಗೆ ಬೀಳುತ್ತಿದ್ದ ಸೋರಿಕೆ ಅಂದು ಯಾರಿಗೂ ಗೊತ್ತಾಗಲಿಲ್ಲ.

ಆ ಪಂಪನ್ನು ನಡೆಸುವ ಕಂಟ್ರೋಲರ್ ಬೋರ್ಡನ್ನು ಮಾಡಿಕೊಟ್ಟವನು ನಾನೇ. ಹೀಗಾಗಿ ಈ ಬರಹದಲ್ಲಿ ತಪ್ಪು ಯಾರದೆಂದು ಹುಡುಕುವ ಕಷ್ಟ ಓದುಗರಿಗಿಲ್ಲ. ಡೊಂಬಿವಲಿಯಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಹೋಟೆಲು ಹಳೆಯ ಗಿರಾಕಿ. ಅಲ್ಲಿ ಮೊದಲಿದ್ದ ಕಂಟ್ರೋಲರ್ 8051 ಕುಲದ ಎಟಿ89ಸಿ51 ಚಿಪ್ ಮೇಲೆ ಕಟ್ಟಿದ್ದು. ಮಾಡಿದವರು ಯಾರೆಂಬುದು ಬೋರ್ಡಿನ ಮೇಲೆಲ್ಲೂ ಬರೆದಿರಲಿಲ್ಲ. ಪಂಪನ್ನು ಚಾಲೂ-ಬಂದ್ ಮಾಡುವ ವಿದ್ಯುತ್ ಸ್ವಿಚ್ಚಿಗೆ ರಿಲೇ ಎನ್ನುತ್ತಾರೆ. ಏಪ್ರಿಲಿನಲ್ಲಿ ಆ ರಿಲೇ ನಡೆಸುವ ಪಿನ್, ಎಂದರೆ ಚಿಪ್ಪಿನ ಕಾಲು, ಸುಟ್ಟುಹೋಯಿತು. ಚಿಪ್ಪಿನೊಳಗಿನ ಪ್ರೋಗ್ರಾಮಿಗೆ ಬೀಗ ಹಾಕಿದ್ದರಿಂದ ಅದನ್ನು ಓದಿ ಇನ್ನೊಂದು ಚಿಪ್ಪಿಗೆ ಇಳಿಸುವ ದಾರಿಯಿರಲಿಲ್ಲ. ಆದ್ದರಿಂದ ಎವಿಆರ್ ಎಂಬ ಬೇರೆ ಕುಲದ ಎಟಿಮೆಗಾ328ಪಿ ಚಿಪ್ ಹಾಕಿ, ಪ್ರೋಗ್ರಾಮನ್ನು ಹೊಸದಾಗಿ ಬರೆದು, ಬೇರೆ ಬೋರ್ಡು ಮಾಡಿದೆ. ರಿಲೇ ಕಾರ್ಡು, ಟ್ರಾನ್ಸ್‌ಫಾರ್ಮರು, ಮತ್ತು ತಾರಸಿಯಿಂದ ಇಳಿದು ಬರುವ ಇಪ್ಪತ್ತೈದು ಮೀಟರಿನಷ್ಟು ವೈರು ಹಳೆಯವೇ ಉಳಿದವು. ಏಪ್ರಿಲ್, ಮೇ ಎರಡು ತಿಂಗಳು ಒಂದು ದೂರೂ ಬರಲಿಲ್ಲ.

ಜುಲೈಯಲ್ಲಿ ಬಂದದ್ದು ಒಂದಲ್ಲ, ಎರಡು ದೂರು. ಟ್ಯಾಂಕು ತುಂಬಿದರೂ ಪಂಪು ನಿಲ್ಲುವುದಿಲ್ಲ, ಆದರೆ ದಿನಾ ಅಲ್ಲ, ಕೆಲವು ದಿನ ಮಾತ್ರ ಎಂಬುದು ಮೊದಲನೆಯದು. ಹಿಂದಿನ ಕೋಣೆಯ ದೊಡ್ಡ ಗ್ರೈಂಡರ್ ಚಾಲೂ ಮಾಡಿದಾಗ ಒಮ್ಮೊಮ್ಮೆ ಪಂಪು ತಾನಾಗಿಯೇ ಒಂದೆರಡು ಸೆಕೆಂಡು ಗುಂಯ್ ಎಂದು ತಿರುಗಿ ನಿಲ್ಲುತ್ತದೆ ಎಂಬುದು ಎರಡನೆಯದು. ಮಾಲೀಕರು ಇದನ್ನು ಹೇಳಿದ ಬಗೆ ಬೇರೆ: "ಹಳೇ ಬೋರ್ಡಿಗೆ ವಯಸ್ಸಾಗಿತ್ತು, ಆದ್ರೆ ಬುದ್ಧಿ ಇತ್ತು ಮಾರಾಯ್ರೆ."

ತಾರಸಿಯ ಟ್ಯಾಂಕಿನಲ್ಲಿರುವುದು ಸಾಮಾನ್ಯ ಫ್ಲೋಟ್ ಸ್ವಿಚ್. ನೀರು ಕೆಳಗಿದ್ದಾಗ ಅದರ ಸಂಪರ್ಕ ಮುಚ್ಚಿರುತ್ತದೆ, ಟ್ಯಾಂಕು ತುಂಬಿದಾಗ ತೆರೆಯುತ್ತದೆ. ಅದರ ಎರಡು ವೈರುಗಳಲ್ಲಿ ಒಂದು ಬೋರ್ಡಿನ ಗ್ರೌಂಡಿಗೆ, ಇನ್ನೊಂದು ಚಿಪ್ಪಿನ ಇನ್‌ಪುಟ್ ಪಿನ್ನಿಗೆ ಬರುತ್ತವೆ. ಮುಚ್ಚಿದ್ದರೆ ಪಿನ್ ಗ್ರೌಂಡಿಗೆ ಸೇರಿ 0 ಓದುತ್ತದೆ, ತೆರೆದಿದ್ದರೆ 1 ಓದಬೇಕು. ಈ ಕ್ರಮವನ್ನು ಆರಿಸಿದ್ದು ಹಳೆಯ ಬೋರ್ಡಿನವರು, ಮತ್ತು ಆರಿಸಿದ್ದು ಸರಿಯಾಗಿಯೇ ಇತ್ತು. ಇಲಿ ವೈರು ಕಡಿದರೂ, ಟರ್ಮಿನಲ್ಲಿನ ಸ್ಕ್ರೂ ಸಡಿಲಾದರೂ ಬೋರ್ಡಿಗೆ ಅದು "ಟ್ಯಾಂಕು ತುಂಬಿದೆ" ಎಂದೇ ಕಾಣುತ್ತದೆ, ಪಂಪು ನಿಲ್ಲುತ್ತದೆ. ವೈರು ಕಡಿಯುವ ಅಪಾಯಕ್ಕೆ ಇದು ಉತ್ತರ. ವೈರುಗಳ ನಡುವೆ ತೇವ ಸೇರುವ ಅಪಾಯಕ್ಕೆ ಮಾತ್ರ ಇದು ಉತ್ತರವಲ್ಲ.

ತೆರೆದಿದ್ದರೆ 1 ಓದಬೇಕು ಎಂದೆನಲ್ಲ, ಆ "ಬೇಕು" ಎಂಬಲ್ಲಿಯೇ ಈ ಪ್ರಕರಣದ ತಿರುಳಿದೆ. ಸ್ವಿಚ್ಚು ತೆರೆದಾಗ ಪಿನ್ನನ್ನು ಗ್ರೌಂಡಿಗೆ ಎಳೆಯುವವರು ಯಾರೂ ಇಲ್ಲ ಎಂಬುದು ನಿಜ, ಆದರೆ 5 ವೋಲ್ಟಿಗೆ ಎಳೆಯುವವರು ಯಾರು? ಪ್ರೋಗ್ರಾಮು ಬರೆಯುವಾಗ ಪಿನ್ನನ್ನು ನಾವು ಒಂದು ಬಿಟ್ ಎಂದು ಕಾಣುತ್ತೇವೆ. ಚಿಪ್ಪಿನ ಒಳಗಿನಿಂದ ನೋಡಿದರೆ ಅದು ಒಂದು ಲೋಹದ ತುಣುಕು ಮತ್ತು ಅದಕ್ಕೆ ಅಂಟಿಕೊಂಡ ಕೆಲವು ಟ್ರಾನ್ಸಿಸ್ಟರುಗಳು. ಎವಿಆರ್ ಕುಲದ ಚಿಪ್ಪಿನಲ್ಲಿ ಪಿನ್ನಿನಿಂದ 5 ವೋಲ್ಟಿನ ಕಡೆಗೆ ಒಂದು ಪಿ-ಮಾಸ್, ಗ್ರೌಂಡಿನ ಕಡೆಗೆ ಒಂದು ಎನ್-ಮಾಸ್ ಟ್ರಾನ್ಸಿಸ್ಟರು ಇರುತ್ತದೆ. ಪಿನ್ ಇನ್‌ಪುಟ್ಟೋ ಔಟ್‌ಪುಟ್ಟೋ ಎಂಬ ದಿಕ್ಕನ್ನು ತೀರ್ಮಾನಿಸುವ ಡಿಡಿಆರ್ ರಿಜಿಸ್ಟರಿನ ಬಿಟ್ 1 (ಔಟ್‌ಪುಟ್) ಆಗಿದ್ದರೆ, ಪೋರ್ಟ್ ರಿಜಿಸ್ಟರಿನ ಬಿಟ್ಟಿಗೆ ತಕ್ಕಂತೆ ಎರಡರಲ್ಲಿ ಒಂದು ಚಾಲೂ ಆಗಿ ಪಿನ್ನನ್ನು ಬಲವಾಗಿ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಡಿಡಿಆರ್ ಬಿಟ್ 0 ಆಗಿದ್ದರೆ ಎರಡೂ ಬಂದ್ ಆಗಿ ಪಿನ್ ಅತಂತ್ರವಾಗುತ್ತದೆ. ಆಗ ಅದರೊಳಗೆ ಹರಿಯುವ ವಿದ್ಯುತ್ತು ತಯಾರಕರ ವಿವರಪತ್ರವಾದ ಡೇಟಾಶೀಟಿನ ಪ್ರಕಾರ ಹೆಚ್ಚೆಂದರೆ 1 ಮೈಕ್ರೋಆಂಪಿಯರ್. ಈ ಅತಂತ್ರ ಸ್ಥಿತಿಯಲ್ಲಿ ಪೋರ್ಟ್ ಬಿಟ್ಟನ್ನು 1 ಮಾಡಿದರೆ, ಪಿನ್ನಿಗೂ 5 ವೋಲ್ಟಿಗೂ ನಡುವೆ 20ರಿಂದ 50 ಕಿಲೋಓಮ್ ವರೆಗಿನ ಒಂದು ಒಳಗಿನ ಪುಲ್‌ಅಪ್ ರೋಧ ಸೇರಿಕೊಳ್ಳುತ್ತದೆ. ಈ ಅಂತರವನ್ನು ಗಮನಿಸಿ. ಒಂದು ಚಿಪ್ಪಿನಲ್ಲಿ 20 ಇದ್ದು ಇನ್ನೊಂದರಲ್ಲಿ 50 ಇದ್ದರೂ ಎರಡೂ ಸರಿಯಾದ ಚಿಪ್ಪುಗಳೇ.

ನಾನು ನೆಚ್ಚಿಕೊಂಡಿದ್ದು ಈ ಒಳಗಿನ ಪುಲ್‌ಅಪ್ಪನ್ನು. ಹಳೆಯ ಬೋರ್ಡಿನ ಇನ್‌ಪುಟ್ ಪಿನ್ನುಗಳ ಪಕ್ಕದಲ್ಲಿ ಒಂಬತ್ತು ಕಾಲಿನ ಕರಿಯ ರೆಸಿಸ್ಟರ್ ನೆಟ್‌ವರ್ಕ್ ಇತ್ತು, 4.7 ಕಿಲೋಓಮಿನದು. ಹೊಸ ಚಿಪ್ಪಿನಲ್ಲಿ ಪುಲ್‌ಅಪ್ ಒಳಗೇ ಇರುವಾಗ ಹೊರಗೆ ಯಾಕೆ ಎಂದು ಅದನ್ನು ಬಿಟ್ಟುಬಿಟ್ಟೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಅದಕ್ಕೆ ಕೊಡಬೇಕಾದ ಹಣ ಒಂದು ಕಟಿಂಗ್ ಚಹಾಕ್ಕಿಂತ ಹೆಚ್ಚಲ್ಲ. ಹಣ ಉಳಿಸಲೆಂದು ಮಾಡಿದ್ದಲ್ಲ, ಬೇಡವಾದದ್ದನ್ನು ತೆಗೆದುಹಾಕಿದೆ ಎಂಬ ಸಮಾಧಾನಕ್ಕೆ ಮಾಡಿದ್ದು.

ಮೊದಲ ದಿನ ನಾನು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿಯಿಂದ ಮಳೆ ಬಿಡುವು ಕೊಟ್ಟಿತ್ತು. ತಾರಸಿಗೆ ಹತ್ತಿ ಫ್ಲೋಟನ್ನು ಕೈಯಿಂದ ಎತ್ತಿ ಹಿಡಿಯಲು ಒಬ್ಬ ಹುಡುಗನಿಗೆ ಹೇಳಿ, ಕೆಳಗೆ ಪಿನ್ನಿನ ಮೇಲೆ ಡಿಜಿಟಲ್ ಮೀಟರ್ ಇಟ್ಟು ನೋಡಿದರೆ 4.6 ವೋಲ್ಟ್ ಬಂತು. ಪಂಪು ನಿಂತಿತು. ಫ್ಲೋಟು ಇಳಿಸಿದರೆ ಸೊನ್ನೆ, ಪಂಪು ಚಾಲೂ. ಹತ್ತು ಸಲ ಮಾಡಿದರೂ ಹತ್ತು ಸಲವೂ ಸರಿಯಾಗಿಯೇ ನಡೆಯಿತು. ಫ್ಲೋಟು ಸಿಕ್ಕಿಕೊಳ್ಳುತ್ತಿರಬೇಕು ಎಂದು ಹೇಳಿ, ಅದನ್ನು ಬದಲಿಸಿ ಬಂದೆ. 4.6 ಯಾಕೆ, 5 ಯಾಕಿಲ್ಲ ಎಂದು ಆಗಲೇ ಕೇಳಿಕೊಳ್ಳಬೇಕಾಗಿತ್ತು. ತೆರೆದ ಸ್ವಿಚ್ಚಿನಲ್ಲಿ ವಿದ್ಯುತ್ತು ಹರಿಯದಿದ್ದರೆ ಪುಲ್‌ಅಪ್ಪಿನ ಮೇಲೆ 0.4 ವೋಲ್ಟ್ ಕಳೆದುಹೋಗಲು ಕಾರಣವೇ ಇಲ್ಲ. ಎಲ್ಲೋ ಹರಿಯುತ್ತಿತ್ತು.

ಮೂರು ದಿನ ಬಿಟ್ಟು ಮತ್ತೆ ಕರೆ ಬಂತು. ಈ ಸಲ ಮಳೆ ಜೋರಾಗಿದ್ದಾಗಲೇ ಹೋಗಬೇಕೆಂದು ಹೊರಟು, ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಕುಂಟುತ್ತಿದ್ದ ಸಂಜೆಯಲ್ಲಿ ಹೇಗೋ ತಲುಪಿದೆ. ಟ್ಯಾಂಕು ತುಂಬಿತ್ತು, ಹೊಸ ಫ್ಲೋಟು ತೆರೆದುಕೊಂಡೇ ಇತ್ತು, ಪಂಪು ತಿರುಗುತ್ತಲೇ ಇತ್ತು. ಪಿನ್ನಿನ ಮೇಲೆ 2.1 ವೋಲ್ಟ್.

ಆ ಅಂಕಿಯನ್ನು ನೋಡಿದ ಕೂಡಲೇ ಫ್ಲೋಟನ್ನು ದೂರಿದ್ದಕ್ಕೆ ನಾಚಿಕೆಯಾಯಿತು. ಈ ಚಿಪ್ಪಿಗೆ 5 ವೋಲ್ಟ್ ಕೊಟ್ಟಾಗ, 0.3 ಭಾಗ ಎಂದರೆ 1.5 ವೋಲ್ಟಿಗಿಂತ ಕೆಳಗಿದ್ದರೆ ಅದು ಖಚಿತವಾಗಿ 0, ಮತ್ತು 0.6 ಭಾಗ ಎಂದರೆ 3 ವೋಲ್ಟಿಗಿಂತ ಮೇಲಿದ್ದರೆ ಖಚಿತವಾಗಿ 1. ನಡುವಿನ ಒಂದೂವರೆ ವೋಲ್ಟಿನ ಬಗ್ಗೆ ತಯಾರಕರು ಯಾವ ಭರವಸೆಯನ್ನೂ ಕೊಟ್ಟಿಲ್ಲ. ಇನ್‌ಪುಟ್ಟಿನಲ್ಲಿ, ಏರುವಾಗ ಒಂದು ಇಳಿಯುವಾಗ ಇನ್ನೊಂದು ಎಲ್ಲೆಯಲ್ಲಿ ಉತ್ತರ ಬದಲಿಸುವ ಶ್ಮಿಟ್ ಟ್ರಿಗರ್ ಇರುವುದರಿಂದ ನಡುವಿನಲ್ಲಿ ಅದು ತನ್ನ ಹಿಂದಿನ ಉತ್ತರಕ್ಕೇ ಅಂಟಿಕೊಳ್ಳಲೂಬಹುದು, ಬಿಡಲೂಬಹುದು. ಅದು ಆ ಚಿಪ್ಪಿನ ಗುಣಕ್ಕೆ, ಬಿಸಿಗೆ, ವೈರಿನ ಮೇಲೆ ಹತ್ತಿಕೊಂಡ 50 ಹರ್ಟ್ಸಿನ ಗುಂಯ್ಗುಡುವಿಕೆಗೆ ಬಿಟ್ಟದ್ದು. 2.1 ವೋಲ್ಟ್ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ನನ್ನ ಪ್ರೋಗ್ರಾಮು ಅದನ್ನು "ಅಲ್ಲ" ಎಂದು ಓದಿ ನೀರೆತ್ತುತ್ತಲೇ ಇತ್ತು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಇಂಥ ಕಡೆ ಮುಳ್ಳಿನ ಹಳೆಯ ಮೀಟರ್ ಇಟ್ಟರೆ ಅದೇ ಇನ್ನೊಂದು ಸೋರಿಕೆಯಾಗುತ್ತದೆ. ವೋಲ್ಟಿಗೆ 20 ಕಿಲೋಓಮ್ ಎಂದು ಬರೆದಿರುವ ಮೀಟರನ್ನು 10 ವೋಲ್ಟಿನ ಮಟ್ಟದಲ್ಲಿಟ್ಟರೆ 200 ಕಿಲೋಓಮಿನ ರೋಧವೊಂದನ್ನು ಪಿನ್ನಿಗೂ ಗ್ರೌಂಡಿಗೂ ನಡುವೆ ಕಟ್ಟಿದಂತೆ. ಡಿಜಿಟಲ್ ಮೀಟರಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುವುದರಿಂದ ಆ ಭಯವಿಲ್ಲ.

ಸೋರಿಕೆ ಎಷ್ಟೆಂದು ಲೆಕ್ಕ ಹಾಕಲು ಮೊದಲು ನನ್ನ ಚಿಪ್ಪಿನ ಪುಲ್‌ಅಪ್ ಎಷ್ಟೆಂದು ತಿಳಿಯಬೇಕಿತ್ತು. ತಾರಸಿಯ ವೈರನ್ನು ಬಿಚ್ಚಿ, ಮೀಟರನ್ನು ಮಿಲಿಆಂಪಿಯರ್ ಮಟ್ಟಕ್ಕೆ ತಿರುಗಿಸಿ, ಪಿನ್ನಿಗೂ ಗ್ರೌಂಡಿಗೂ ನಡುವೆ ಇಟ್ಟೆ. ಪಿನ್ ಇನ್‌ಪುಟ್ ಆಗಿರುವಾಗ ಇದರಿಂದ ಹಾನಿಯಿಲ್ಲ, ಔಟ್‌ಪುಟ್ ಆಗಿದ್ದು 1 ಇದ್ದರೆ ಮಾತ್ರ ಹೀಗೆ ಮಾಡಬಾರದು. ಬಂದದ್ದು 0.14 ಮಿಲಿಆಂಪಿಯರ್. 5 ವೋಲ್ಟನ್ನು ಅದರಿಂದ ಭಾಗಿಸಿದರೆ ಸುಮಾರು 36 ಕಿಲೋಓಮ್, ಡೇಟಾಶೀಟಿನ 20 ಮತ್ತು 50ರ ನಟ್ಟನಡುವೆ. ಈಗ ವೈರನ್ನು ಮತ್ತೆ ಜೋಡಿಸಿದಾಗ ಪುಲ್‌ಅಪ್ಪಿನ ಮೇಲೆ ಕಳೆಯುವುದು 2.9 ವೋಲ್ಟ್, ಸೋರಿಕೆಯ ಮೇಲೆ ಉಳಿಯುವುದು 2.1. 36ನ್ನು 2.1ರಿಂದ ಗುಣಿಸಿ 2.9ರಿಂದ ಭಾಗಿಸಿದರೆ 26 ಕಿಲೋಓಮ್. ಅಂದರೆ ಎರಡು ವೈರುಗಳ ನಡುವೆ ಎಲ್ಲೋ 26 ಕಿಲೋಓಮಿನ ರೋಧವೊಂದು ಕೂತಿದೆ. ಮೊದಲ ದಿನದ 4.6 ವೋಲ್ಟಿಗೆ ಅದೇ ಲೆಕ್ಕ ಹಾಕಿದರೆ 414 ಕಿಲೋಓಮ್ ಬರುತ್ತದೆ. ಮೂರು ದಿನದ ಮಳೆಗೆ 414 ಇದ್ದದ್ದು 26ಕ್ಕೆ ಇಳಿದಿತ್ತು.

ಟಾರ್ಚು ಹಿಡಿದು ಹುಡುಕಿದಾಗ ಅದು ಟ್ಯಾಂಕಿನ ಪಕ್ಕದ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನಲ್ಲಿ ಸಿಕ್ಕಿತು. ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಎರಡು ಇರಲಿಲ್ಲ. ಒಳಗಿನ ಕನೆಕ್ಟರ್ ಪಟ್ಟಿಯ ಎರಡು ಹಿತ್ತಾಳೆ ತುದಿಗಳ ನಡುವೆ ಹಸಿರು ಕಿಲುಬು ಸೇತುವೆಯಂತೆ ಬೆಳೆದಿತ್ತು, ಅದರ ಮೇಲೆ ಮಳೆನೀರಿನ ತೇವ. ಸಮುದ್ರದ ಗಾಳಿಯ ಉಪ್ಪು ಆಡುವ ಊರಿನಲ್ಲಿ ಆ ತೇವ ಒಳ್ಳೆಯ ವಾಹಕವೇ. ಇದು ಈ ವರ್ಷ ಹುಟ್ಟಿದ ಕಿಲುಬಲ್ಲ. ಮುಚ್ಚಳ ಸಡಿಲಾಗಿ ವರ್ಷಗಳೇ ಆಗಿವೆ ಎಂದು ಹುಡುಗರೇ ಹೇಳಿದರು. ಅಂದ ಮೇಲೆ ಹಳೆಯ ಬೋರ್ಡು ಇದೇ ಬಾಕ್ಸನ್ನು ಇಟ್ಟುಕೊಂಡು ಅಷ್ಟು ಮಳೆಗಾಲಗಳನ್ನು ಹೇಗೆ ದಾಟಿತು?

ಹಳೆಯ ಬೋರ್ಡು ನನ್ನ ಅಂಗಡಿಯಲ್ಲೇ ಬಿದ್ದಿತ್ತು. ಅದರ ಇನ್‌ಪುಟ್‌ಗಳೆಲ್ಲ ಪೋರ್ಟ್ 0 ಎಂಬ ಪಿನ್ನುಗಳ ಗುಂಪಿಗೆ ಜೋಡಿಸಿದ್ದವು. 8051ರ ಕುಲದಲ್ಲಿ, ಇಂಟೆಲ್ 1980ರಲ್ಲಿ ತಂದ ಮೂಲ ವಿನ್ಯಾಸದಿಂದಲೂ, ಪೋರ್ಟ್ 0 ಉಳಿದ ಮೂರು ಪೋರ್ಟುಗಳಂತಲ್ಲ. ಪೋರ್ಟ್ 1, 2, 3ರ ಪಿನ್ನುಗಳಿಗೆ ಒಳಗೆ ಮೇಲಕ್ಕೆಳೆಯುವ ಸಣ್ಣ ಶಕ್ತಿ ಇರುತ್ತದೆ. ಪೋರ್ಟ್ 0ಕ್ಕೆ ಸಾಮಾನ್ಯ ಬಳಕೆಯಲ್ಲಿ ಅದೂ ಇಲ್ಲ, ಗ್ರೌಂಡಿನ ಕಡೆಯ ಟ್ರಾನ್ಸಿಸ್ಟರು ಮಾತ್ರ ಇರುತ್ತದೆ. ಹೊರಗೆ ರೆಸಿಸ್ಟರ್ ಹಾಕದಿದ್ದರೆ ಆ ಪೋರ್ಟಿನಿಂದ 1 ಎಂಬುದು ಹೊರಬರುವುದೇ ಇಲ್ಲ. ಆ 4.7 ಕಿಲೋಓಮಿನ ನೆಟ್‌ವರ್ಕ್ ಅಲ್ಲಿಗೆ ಬಂದದ್ದು ಮಾಟುಂಗಾದ ಮಳೆಯನ್ನು ಯಾರೋ ಮುಂಗಂಡಿದ್ದರಿಂದಲ್ಲ. ಅದಿಲ್ಲದೆ ಬೋರ್ಡು ಮೊದಲ ದಿನವೇ ನಡೆಯುತ್ತಿರಲಿಲ್ಲ, ಅದಕ್ಕೇ ಬಂತು. ಮಾಲೀಕರು ಹೇಳಿದ ಬುದ್ಧಿ, ನನ್ನ ಪ್ರಕಾರ, ಅನಿವಾರ್ಯತೆಯೇ. ಹೊಸ ಚಿಪ್ಪಿನಲ್ಲಿ ಆ ಅನಿವಾರ್ಯತೆ ಹೋದಾಗ ಅದರ ಜೊತೆ ಬಂದಿದ್ದ ರಕ್ಷಣೆಯೂ ಹೋಯಿತು, ಹೋದದ್ದು ನನಗೆ ಕಾಣಲಿಲ್ಲ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. 26 ಕಿಲೋಓಮಿನ ಅದೇ ಸೋರಿಕೆಗೆ ಎದುರಾಗಿ 4.7 ಕಿಲೋಓಮಿನ ಪುಲ್‌ಅಪ್ ಇದ್ದರೆ ಪಿನ್ನಿನ ಮೇಲೆ 4.2 ವೋಲ್ಟ್ ಉಳಿಯುತ್ತದೆ. ಜೊತೆಗೆ ಎಟಿ89ಸಿ51 ಚಿಪ್ಪಿನಲ್ಲಿ 1 ಎಂದು ಖಚಿತವಾಗಿ ಓದಲು ಬೇಕಾದದ್ದು, ವಿದ್ಯುತ್ ಪೂರೈಕೆಯ 0.2 ಭಾಗಕ್ಕೆ 0.9 ಸೇರಿಸಿದಷ್ಟು, ಎಂದರೆ 1.9 ವೋಲ್ಟ್ ಮಾತ್ರ. ಹೀಗಾಗಿ ಹಳೆಯ ಬೋರ್ಡಿನಲ್ಲಿ ಸೋರಿಕೆ ಸುಮಾರು 3 ಕಿಲೋಓಮಿಗೆ ಇಳಿಯುವ ತನಕ 1 ಎಂಬುದಕ್ಕೆ ಭಯವಿರಲಿಲ್ಲ. ನನ್ನ ಬೋರ್ಡಿನಲ್ಲಿ 36 ಕಿಲೋಓಮಿನ ಪುಲ್‌ಅಪ್ಪಿಗೆ 3 ವೋಲ್ಟ್ ಉಳಿಯಬೇಕಾದರೆ ಸೋರಿಕೆ 54 ಕಿಲೋಓಮಿಗಿಂತ ಹೆಚ್ಚಿರಬೇಕು. 3 ಎಲ್ಲಿ, 54 ಎಲ್ಲಿ? ಇದು ಹಳೆಯ ಚಿಪ್ ಒಳ್ಳೆಯದು, ಹೊಸತು ಕೆಟ್ಟದ್ದು ಎಂಬ ಮಾತಲ್ಲ. ಎವಿಆರ್ ಚಿಪ್ಪಿನ ಒಳಗಿನ ಪುಲ್‌ಅಪ್ ಬೋರ್ಡಿನ ಮೇಲೆಯೇ ಒಂದೆರಡು ಇಂಚು ದೂರದಲ್ಲಿರುವ ಪುಶ್‌ಬಟನ್ನಿಗೆ ಸಾಕು. ತಾರಸಿಗೆ ಹತ್ತುವ ವೈರಿಗೆ ಅದನ್ನು ಕಟ್ಟಿದ್ದು ನಾನು.

ಪರಿಹಾರವಾಗಿ ಮೊದಲು ಕೈಗೆ ಬಂದದ್ದು 4.7 ಕಿಲೋಓಮಿನ ರೆಸಿಸ್ಟರ್. ಆದರೆ ಹೊಸ ಚಿಪ್ಪಿಗೆ 3 ವೋಲ್ಟ್ ಬೇಕಾದ್ದರಿಂದ ಅದು ಹಳೆಯ ಬೋರ್ಡಿನಷ್ಟು ಸಹಿಸುವುದಿಲ್ಲ, 7 ಕಿಲೋಓಮಿಗೇ ಕೈಬಿಡುತ್ತದೆ. 2.2 ಕಿಲೋಓಮ್ ಹಾಕಿದರೆ 3.3 ಕಿಲೋಓಮಿನ ಸೋರಿಕೆಯ ತನಕ ತಡೆದುಕೊಳ್ಳುತ್ತದೆ, ಹೆಚ್ಚುಕಡಿಮೆ ಹಳೆಯದರಷ್ಟೇ. ಫ್ಲೋಟು ಮುಚ್ಚಿದಾಗ ಆಗ ವೈರಿನಲ್ಲಿ 2.3 ಮಿಲಿಆಂಪಿಯರಿನಷ್ಟು ಹರಿಯುತ್ತದೆ. ಕಿಲುಬು ಹಿಡಿಯುವ ಸಂಪರ್ಕಗಳಿಗೆ 0.14 ಮಿಲಿಆಂಪಿಯರಿಗಿಂತ ಇದು ಹಿತ. ಈ ರೆಸಿಸ್ಟರನ್ನು ವೈರು ಬೋರ್ಡಿಗೆ ಬಂದು ಸೇರುವ ಟರ್ಮಿನಲ್ಲಿನ ಬಳಿಯೇ ಹಾಕಿ, ಅಲ್ಲಿಂದ ಪಿನ್ನಿಗೆ 10 ಕಿಲೋಓಮಿನ ಇನ್ನೊಂದು ರೆಸಿಸ್ಟರನ್ನು ಸರಣಿಯಲ್ಲಿ ಇಟ್ಟು, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಜೋಡಿಸಿದೆ. ಪಿನ್ ತಾನು ತೆಗೆದುಕೊಳ್ಳುವುದು ಹೆಚ್ಚೆಂದರೆ 1 ಮೈಕ್ರೋಆಂಪಿಯರ್ ಆದ್ದರಿಂದ ಈ 10 ಕಿಲೋಓಮಿನ ಮೇಲೆ ಕಳೆಯುವುದು ನೂರನೇ ಒಂದು ವೋಲ್ಟ್ ಅಷ್ಟೆ. ಇಪ್ಪತ್ತೈದು ಮೀಟರಿನ ವೈರು ಎಲ್ಲಿಂದಾದರೂ ಹಿಡಿದು ತರುವ ಸಿಡಿತಗಳು ಪಿನ್ನಿಗೆ ನೇರವಾಗಿ ಬಡಿಯುವುದಿಲ್ಲ.

ಇಲ್ಲಿ ಮತ್ತೆ ಒಂದು ತಪ್ಪು ಮಾಡುವುದರಲ್ಲಿದ್ದೆ. ಹೊರಗೆ ಪುಲ್‌ಅಪ್ ಬಂದ ಮೇಲೂ ಪ್ರೋಗ್ರಾಮಿನಲ್ಲಿ ಒಳಗಿನ ಪುಲ್‌ಅಪ್ ಚಾಲೂ ಇತ್ತು. ಇದ್ದರೆ ಇರಲಿ, ಬಲವೇ ಅಲ್ಲವೇ ಎನಿಸುತ್ತದೆ. ಆದರೆ ಫ್ಲೋಟು ಮುಚ್ಚಿದಾಗ ಏನಾಗುತ್ತದೆಂದು ನೋಡಿ: ಟರ್ಮಿನಲ್ ಸೊನ್ನೆಗೆ ಇಳಿದಿದೆ, ಪಿನ್ನಿಗೂ ಟರ್ಮಿನಲ್ಲಿಗೂ ನಡುವೆ 10 ಕಿಲೋಓಮ್, ಪಿನ್ನಿನ ಒಳಗಿನಿಂದ 36 ಕಿಲೋಓಮ್ ಮೇಲಕ್ಕೆ ಎಳೆಯುತ್ತಿದೆ. ಪಿನ್ನಿನ ಮೇಲೆ 1.1 ವೋಲ್ಟ್ ನಿಲ್ಲುತ್ತದೆ. ನನ್ನ ಚಿಪ್ಪಿನಲ್ಲಿ ಅದು 1.5ಕ್ಕಿಂತ ಕೆಳಗೇ ಇದೆ. ನಾಳೆ ಇದು ಸುಟ್ಟು ಇನ್ನೊಂದು ಚಿಪ್ ಹಾಕಿದಾಗ ಅದರ ಪುಲ್‌ಅಪ್ 20 ಕಿಲೋಓಮ್ ಇದ್ದರೆ 1.67 ವೋಲ್ಟ್ ಬರುತ್ತದೆ, ಮತ್ತೆ ಅದೇ ನಡುವಿನ ಬಯಲು, ಈ ಸಲ ಕೆಳಗಿನ ಅಂಚಿನಿಂದ. ಪ್ರೋಗ್ರಾಮಿನಲ್ಲಿ ಆ ಬಿಟ್ಟನ್ನು 0 ಮಾಡಿ ಒಳಗಿನ ಪುಲ್‌ಅಪ್ ತೆಗೆದೆ.

ಎರಡನೆಯ ದೂರು, ಗ್ರೈಂಡರಿನೊಂದಿಗೆ ಪಂಪು ತಿರುಗುವುದು, ಔಟ್‌ಪುಟ್ಟಿನದು. ರಿಲೇ ಕಾರ್ಡಿನಲ್ಲಿ ಒಂದು ಪಿಎನ್‌ಪಿ ಟ್ರಾನ್ಸಿಸ್ಟರು ಇದ್ದು, ಅದನ್ನು ನಡೆಸುವ ಕಾಲಾದ ಬೇಸಿನಿಂದ 2.2 ಕಿಲೋಓಮಿನ ಮೂಲಕ ಪಿನ್ನಿಗೆ ವೈರು ಬರುತ್ತದೆ. ಪಿನ್ 0 ಆದರೆ ರಿಲೇ ಎಳೆಯುತ್ತದೆ, 1 ಆದರೆ ಬಿಡುತ್ತದೆ. ತಲೆಕೆಳಗೆನಿಸುವ ಈ ವಿಧಾನವೂ 8051ರ ಕಾಲದ್ದೇ. ಎಟಿ89ಸಿ51ರ ಪೋರ್ಟ್ 1, 2, 3ರ ಪಿನ್ ಕೆಳಕ್ಕೆ ಎಳೆಯುವಾಗ 1.6 ಮಿಲಿಆಂಪಿಯರನ್ನು 0.45 ವೋಲ್ಟಿನೊಳಗೆ ಹಿಡಿದಿಡುತ್ತದೆ, ಮೇಲಕ್ಕೆ ಕೊಡುವಾಗ ಮಾತ್ರ 2.4 ವೋಲ್ಟಿನಲ್ಲಿ 60 ಮೈಕ್ರೋಆಂಪಿಯರಿಗೇ ಅದರ ಭರವಸೆ ಮುಗಿಯುತ್ತದೆ. ತೆಗೆದುಕೊಳ್ಳಲು ದೊಡ್ಡ ಕೈ, ಕೊಡಲು ಸಣ್ಣ ಕೈ. ಅದರ ಮೇಲೆ, ರೀಸೆಟ್ ಆದಾಗ, ಎಂದರೆ ಮೊದಲಿನಿಂದ ಶುರುವಾದಾಗ, ಆ ಚಿಪ್ಪಿನ ಎಲ್ಲ ಪೋರ್ಟುಗಳೂ 1 ಆಗುತ್ತವೆ. 1ಕ್ಕೆ ಎಳೆಯುವ ರಿಲೇ ಹಾಕಿದ್ದರೆ, ಡಾರ್ಲಿಂಗ್ಟನ್ ಟ್ರಾನ್ಸಿಸ್ಟರಿನಂಥ, ಸಣ್ಣ ವಿದ್ಯುತ್ತನ್ನು ಬಹಳ ಹಿಗ್ಗಿಸುವ ಚಾಲಕಕ್ಕೆ ಆ ಸಣ್ಣ ವಿದ್ಯುತ್ತೂ ಸಾಕಾಗಿ, ವಿದ್ಯುತ್ತು ಬಂದ ಕ್ಷಣವೇ ಪಂಪು ಒದ್ದುಕೊಳ್ಳುವ ಸಂಭವವಿತ್ತು. 0ಕ್ಕೆ ಎಳೆಯುವಂತೆ ಮಾಡಿದ್ದರಿಂದ ಎರಡೂ ತೊಡಕು ಒಟ್ಟಿಗೇ ಬಗೆಹರಿದಿದ್ದವು.

ಹೊಸ ಚಿಪ್ಪಿನ ಪಿನ್ ಎರಡೂ ದಿಕ್ಕಿಗೆ ಬಲವುಳ್ಳದ್ದು. 20 ಮಿಲಿಆಂಪಿಯರಿನವರೆಗೆ ಅದರ ವೋಲ್ಟೇಜು ಎಷ್ಟಿರುತ್ತದೆಂದು ಡೇಟಾಶೀಟು ಹೇಳುತ್ತದೆ. 40 ಎಂಬ ಅಂಕಿಯೂ ಅಲ್ಲಿದೆ, ಆದರೆ ಅದು ದಾಟಿದರೆ ಚಿಪ್ ಉಳಿಯದಿರಬಹುದಾದ ಎಲ್ಲೆಯೇ ಹೊರತು ದಿನಬಳಕೆಗೆ ಕೊಟ್ಟ ಅನುಮತಿಯಲ್ಲ. ಬೇಸಿನ ಸುಮಾರು 2 ಮಿಲಿಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ತೊಡಕು ಬಂದದ್ದು ಬಲದಿಂದಲ್ಲ, ದಿಕ್ಕಿನಿಂದ. 8051ರಲ್ಲಿ ದಿಕ್ಕಿನ ರಿಜಿಸ್ಟರೇ ಇಲ್ಲ. ಎವಿಆರ್ ರೀಸೆಟ್ಟಿನಿಂದ ಎದ್ದಾಗ ಡಿಡಿಆರ್ ಮತ್ತು ಪೋರ್ಟ್ ಎರಡೂ ಸೊನ್ನೆ, ಪಿನ್ ಅತಂತ್ರ. ನಾನು ಬರೆದ ಪ್ರೋಗ್ರಾಮು ಎದ್ದ ಕೂಡಲೇ ಡಿಡಿಆರ್ ಬಿಟ್ಟನ್ನು 1 ಮಾಡುತ್ತಿತ್ತು. ಪೋರ್ಟ್ ಬಿಟ್ ಇನ್ನೂ ಸೊನ್ನೆಯೇ ಇದ್ದುದರಿಂದ ಆ ಗಳಿಗೆಯಿಂದ ಪಿನ್ 0ಕ್ಕೆ ಇಳಿದು ರಿಲೇ ಎಳೆಯುತ್ತಿತ್ತು. ಮುಂದಿನ ಸಾಲಿನಲ್ಲೇ ಪೋರ್ಟ್ ಬಿಟ್ಟನ್ನು 1 ಮಾಡಿದ್ದರೆ ಒಂದು ಮೈಕ್ರೋಸೆಕೆಂಡಿನೊಳಗೆ ಮುಗಿದು, ಎಳೆಯಲು ಕೆಲವು ಮಿಲಿಸೆಕೆಂಡಾದರೂ ಬೇಕಾದ ರಿಲೇಗೆ ಅದು ತಿಳಿಯುತ್ತಲೇ ಇರಲಿಲ್ಲ. ನಾನು ನಡುವೆ ಎಲ್‌ಸಿಡಿಯನ್ನು ಎಬ್ಬಿಸಿ, ಅದರ ಮೇಲೆ ಹೋಟೆಲಿನ ಹೆಸರನ್ನು ಎರಡು ಸೆಕೆಂಡು ತೋರಿಸುವ ಸಾಲುಗಳನ್ನು ಇಟ್ಟಿದ್ದೆ. ಹೆಸರು ಮಿನುಗುವಷ್ಟು ಹೊತ್ತು ಪಂಪು ತಿರುಗುತ್ತಿತ್ತು.

ಗ್ರೈಂಡರಿಗೂ ಇದಕ್ಕೂ ನಂಟು ಹೀಗೆ: ಅದರ ಮೋಟಾರು ಏಳುವಾಗ ಮೇನ್ಸ್ ಕುಸಿಯುತ್ತಿತ್ತು. ಹಳೆಯ ಟ್ರಾನ್ಸ್‌ಫಾರ್ಮರಿನ ಮುಂದಿದ್ದ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಒಣಗಿಹೋಗಿದ್ದರಿಂದ 5 ವೋಲ್ಟನ್ನು ಸ್ಥಿರವಾಗಿ ಕೊಡುವ 7805 ರೆಗ್ಯುಲೇಟರಿಗೆ ಬೇಕಾದ ಎರಡು ವೋಲ್ಟಿನ ಮೇಲ್ಮಿಗುತೆ ಉಳಿಯುತ್ತಿರಲಿಲ್ಲ. 5 ವೋಲ್ಟು 4.3ಕ್ಕಿಂತ ಇಳಿದಾಗ ಚಿಪ್ಪಿನ ಬ್ರೌನ್‌ಔಟ್ ಕಾವಲು ಅದನ್ನು ರೀಸೆಟ್ ಮಾಡುತ್ತಿತ್ತು. ಕಾವಲು ತನ್ನ ಕೆಲಸವನ್ನೇ ಮಾಡಿತ್ತು. ಕೆಪಾಸಿಟರ್ ಬದಲಿಸಿದೆ. ಪ್ರೋಗ್ರಾಮಿನಲ್ಲಿ ಎರಡು ಸಾಲುಗಳನ್ನು ಅದಲುಬದಲು ಮಾಡಿದೆ: ಮೊದಲು ಪೋರ್ಟ್ ಬಿಟ್ 1, ಆಗ ಪಿನ್ ಪುಲ್‌ಅಪ್ಪಿನಿಂದ ಮೇಲೇರಿ ನಿಲ್ಲುತ್ತದೆ, ಆಮೇಲೆ ಡಿಡಿಆರ್ ಬಿಟ್ 1, ಆಗ ಪಿ-ಮಾಸ್ ಅದನ್ನು ಅಲ್ಲಿಯೇ ಬಲವಾಗಿ ಹಿಡಿಯುತ್ತದೆ. ನಡುವೆ ಸೊನ್ನೆಯ ಮುಖವನ್ನೇ ಪಿನ್ ಕಾಣುವುದಿಲ್ಲ. ರೀಸೆಟ್ಟಿನ ಹೊತ್ತಿನಲ್ಲಿ ಪಿನ್ ಅತಂತ್ರವಾಗಿರುವಾಗ ಬೇಸು ಗಾಳಿಯಲ್ಲಿ ತೂಗದಿರಲೆಂದು ಬೇಸಿಗೂ 5 ವೋಲ್ಟಿಗೂ ನಡುವೆ 10 ಕಿಲೋಓಮ್ ಸೇರಿಸಿದೆ. ಎಟಿ89ಸಿ51ಗೆ ಅದು ಬೇಕಿರಲಿಲ್ಲ.

ಈ ಕೆಲಸದ ನಡುವೆ ದೂರಿನಲ್ಲಿಲ್ಲದ ಮೂರನೆಯದೊಂದು ಕಣ್ಣಿಗೆ ಬಿತ್ತು. ಸೋಲ್ಡರ್ ಮಾಡಲೆಂದು ಬೋರ್ಡಿನ ಸ್ವಿಚ್ಚು ಆರಿಸಿದರೂ ಎಲ್‌ಸಿಡಿಯಲ್ಲಿ ಮಂಕಾದ ಚೌಕಗಳು ಉಳಿದಿದ್ದವು. ಮೀಟರ್ ಇಟ್ಟರೆ ಪೂರೈಕೆಯಿಲ್ಲದ ಚಿಪ್ಪಿನ 5 ವೋಲ್ಟಿನ ಕಾಲಿನಲ್ಲಿ 3.7 ವೋಲ್ಟ್. ಸಂಪಿನ ಸೆನ್ಸರಿಗೆ ಬೇರೆಯೇ ಅಡಾಪ್ಟರಿದ್ದು, ಅದರ 74ಎಚ್‌ಸಿ14 ಎಂಬ ಚಿಪ್ಪಿನ 5 ವೋಲ್ಟಿನ ಔಟ್‌ಪುಟ್ ನೇರವಾಗಿ ನನ್ನ ಇನ್‌ಪುಟ್ ಪಿನ್ನಿಗೆ ಬರುತ್ತಿತ್ತು. ಪ್ರತಿ ಪಿನ್ನಿನಿಂದಲೂ ಪೂರೈಕೆಯ ಕಡೆಗೆ ಒಂದು, ಗ್ರೌಂಡಿನಿಂದ ಪಿನ್ನಿನ ಕಡೆಗೆ ಒಂದು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ರಕ್ಷಣಾ ಡಯೋಡ್ ಒಳಗಿರುತ್ತದೆ. ಪಿನ್ನಿನ ವೋಲ್ಟೇಜು ಪೂರೈಕೆಗಿಂತ ಅರ್ಧ ವೋಲ್ಟ್ ಮೀರಬಾರದು ಎಂಬ ನಿಯಮವೂ ಆ ಡಯೋಡಿನಿಂದಲೇ ಬಂದದ್ದು. ಪೂರೈಕೆ ಸೊನ್ನೆಯಾದಾಗ ಸೆನ್ಸರಿನ 5 ವೋಲ್ಟ್ ಆ ಮೇಲಿನ ಡಯೋಡನ್ನು ತಳ್ಳಿಕೊಂಡು ಹೋಗಿ ಇಡೀ ಬೋರ್ಡಿಗೆ ಹಿಂಬಾಗಿಲಿನಿಂದ ಅನ್ನ ಹಾಕುತ್ತಿತ್ತು. ಸ್ಥಿರ ವಿದ್ಯುತ್ತಿನ ಹೊಡೆತದಿಂದ ಉಳಿಸಲು ಇಟ್ಟ ಡಯೋಡು ಮಿಲಿಆಂಪಿಯರ್‌ಗಟ್ಟಲೆ ಹೊತ್ತುಕೊಂಡು ಕೂರಲು ಮಾಡಿದ್ದಲ್ಲ. ತಯಾರಕರ ಟಿಪ್ಪಣಿಯೊಂದು ಅದನ್ನು 1 ಮಿಲಿಆಂಪಿಯರಿನೊಳಗೆ ಇಡಿ ಎನ್ನುತ್ತದೆ. ಅಲ್ಲಿಗೂ ಒಂದು 10 ಕಿಲೋಓಮ್ ಹಾಕಿದ ಮೇಲೆ ಹಿಂದಿನಿಂದ ಬರುವುದು ಅರ್ಧ ಮಿಲಿಆಂಪಿಯರನ್ನೂ ದಾಟುವುದಿಲ್ಲ. ಸ್ವಿಚ್ಚು ಆರಿಸಿದರೆ ಚೌಕಗಳೂ ಆರುತ್ತವೆ. ಹಳೆಯ ಬೋರ್ಡಿನ ಪಿನ್ ಸುಡಲು ಇಂಥದೇ ಏನಾದರೂ ಕಾರಣವಿತ್ತೇ ಎಂದು ಮಾಲೀಕರು ಕೇಳಿದರು. ಸುಟ್ಟದ್ದು ರಿಲೇಯ ಪಿನ್, ಸೆನ್ಸರಿನದಲ್ಲ. ಆದ್ದರಿಂದ ಹೌದು ಎನ್ನಲು ನನ್ನ ಬಳಿ ಆಧಾರವಿರಲಿಲ್ಲ.

ಜಂಕ್ಷನ್ ಬಾಕ್ಸನ್ನು ಬೇಕೆಂದೇ ಆ ದಿನ ಸರಿಮಾಡಲಿಲ್ಲ. ಅದನ್ನೂ ಸರಿಮಾಡಿದ್ದರೆ ಪಂಪು ಸರಿಯಾದದ್ದು ಹೊಸ ರೆಸಿಸ್ಟರಿನಿಂದಲೋ ಒಣಗಿದ ಬಾಕ್ಸಿನಿಂದಲೋ ತಿಳಿಯುತ್ತಿರಲಿಲ್ಲ. ಕಿಲುಬು ಹಾಗೆಯೇ ಇರಲಿ, ಇನ್ನೆರಡು ವಾರ ಮಳೆ ಬರಲಿ ಎಂದು ಮಾಲೀಕರನ್ನು ಒಪ್ಪಿಸಲು ಎರಡು ಲೋಟ ಕಾಫಿಯಷ್ಟು ಹೊತ್ತು ಹಿಡಿಯಿತು. ಆ ಎರಡು ವಾರದಲ್ಲಿ ನಾಲ್ಕು ಸಲ ಹೋಗಿ ಟ್ಯಾಂಕು ತುಂಬಿದ ಹೊತ್ತಿನಲ್ಲಿ ಟರ್ಮಿನಲ್ಲಿನ ವೋಲ್ಟೇಜು ನೋಡಿದೆ. ಅತಿ ಕಡಿಮೆ ಬಂದದ್ದು ಆಗಸ್ಟಿನ ಮೊದಲ ವಾರದ ಒಂದು ಸಂಜೆ, 4.4 ವೋಲ್ಟ್. ಎಂದರೆ ಸೋರಿಕೆ 16 ಕಿಲೋಓಮಿಗೆ ಇಳಿದಿತ್ತು, ಪಂಪು ನಿಂತಿತ್ತು. ಮರುದಿನ ಹಳೆಯ ಬಾಕ್ಸನ್ನು ಕಿತ್ತು, ರಬ್ಬರ್ ಬಿಗಿಯಿರುವ ಮುಚ್ಚಳದ ಹೊಸದನ್ನು ಹಾಕಿ, ವೈರುಗಳು ಕೆಳಗಿನಿಂದ ಒಳಹೋಗುವಂತೆ ತಿರುಗಿಸಿದೆ. ಕನೆಕ್ಟರ್ ಪಟ್ಟಿಯ ಬದಲು ಕೀಲುಗಳನ್ನು ಸೋಲ್ಡರ್ ಮಾಡಿ ಸ್ಲೀವ್ ಹಾಕಿದೆ. ಈಗ ಟರ್ಮಿನಲ್ಲಿನಲ್ಲಿ ಮೀಟರ್ ತೋರಿಸುವುದು 4.99. ಕಿಲುಬು ಹಿಡಿದ ಆ ಪಟ್ಟಿ ನನ್ನ ಮೇಜಿನ ಮೇಲಿದೆ. ಒಣ ಹವೆಯಲ್ಲಿ ಅಳೆದರೆ ಮೀಟರಿನಲ್ಲಿ ಏನೂ ತೋರಿಸುವುದಿಲ್ಲ, ಉಸಿರು ಬಿಟ್ಟು ಅಳೆದರೆ ಅಂಕಿಗಳು ಇಳಿಯತೊಡಗುತ್ತವೆ.